ದ್ವಿಹೃದಯೆಯ ಉಪಚಾರ

ಗರ್ಭಿಣಿಯಾದವಳಿಗೆ ನಾಲ್ಕನೆಯ ತಿಂಗಳಿನಿಂದ ಎರಡು ಹೃದಯಗಳೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಒಂದು ಅವಳದು, ಇನ್ನೊಂದು ಅವಳ ಒಡಲಿನಲ್ಲಿ ಮಿಡಿಯುವ ಕೂಸಿನದು. ಅದಕ್ಕಾಗಿಯೇ ಪ್ರಾಚೀನರು ಅವಳನ್ನು ದೌಹೃದಿನಿ ಎಂದು ಕರೆದರು. ಬಸುರಿಯ ಬಯಕೆಯನ್ನು ತೀರಿಸದೆ ಬಿಡಬಾರದೆಂದು ಮನೆಯ ಹಿರಿಯರು ಇಂದಿಗೂ ವಹಿಸುವ ಕಾಳಜಿಯಲ್ಲಿ ಇದೇ ಭಾವನೆಯಿದೆ: ನುಡಿಯುವ ಬಾಯಿ ಒಂದಾದರೂ ಬೇಡುವವರು ಇಬ್ಬರು. ಸೌಖ್ಯದ ದಿನಗಳಲ್ಲಿ ಈ ಎರಡು ಹೃದಯಗಳ ನಡುವೆ ವಿವಾದವಿಲ್ಲ. ತಾಯಿ ಉಂಡದ್ದು ಕೂಸಿಗೆ ಪುಷ್ಟಿ. ತಾಯಿಯ ಉಸಿರೇ ಕೂಸಿನ ಉಸಿರು. ಆದರೆ ತಾಯಿಗೆ ಬಂದ ವ್ಯಾಧಿಯು ಗರ್ಭದಿಂದಲೇ ಹುಟ್ಟಿದ್ದಾಗಿ, ಗರ್ಭವು ಇಳಿಯದ ಹೊರತು ವ್ಯಾಧಿಯೂ ಇಳಿಯದೆಂದಾದರೆ, ಉಪಚಾರ ಮಾಡುವವರು ಯಾವ ಹೃದಯಕ್ಕೆ ಮೊದಲು ಕಿವಿಗೊಡಬೇಕು? ಈ ಪ್ರಶ್ನೆಯು ವೈದ್ಯಶಾಸ್ತ್ರದ್ದೆಂದು ಮೇಲುನೋಟಕ್ಕೆ ತೋರುವದು. ಒಳಹೊಕ್ಕು ನೋಡಿದರೆ ಧರ್ಮಶಾಸ್ತ್ರದ್ದೂ ಅಹುದು.

ಇಂಥ ವ್ಯಾಧಿಯೊಂದುಂಟು. ಜನರು ಅದನ್ನು ಗರ್ಭಿಣಿಯ ನಂಜು ಎನ್ನುವರು. ವೈದ್ಯರು ಪ್ರೀಎಕ್ಲಾಂಪ್ಸಿಯಾ ಎನ್ನುವರು. ರಕ್ತದಲ್ಲಿ ವಿಷ ಸೇರುವದೇ ಇದಕ್ಕೆ ಕಾರಣವೆಂದು ಹಿಂದಿನ ತಲೆಮಾರುಗಳ ವೈದ್ಯರೂ ಊಹಿಸಿದ್ದರು. ಆದರೆ ಅವರು ಊಹಿಸಿದಂಥ ವಿಷವು ಯಾರ ಕೈಗೂ ಸಿಕ್ಕಲಿಲ್ಲ. ಈಗಿನ ತಿಳುವಳಿಕೆಯಂತೆ ದೋಷದ ಮೂಲವು ಮಾಸಿನಲ್ಲಿದೆ. ಗರ್ಭಕೋಶದ ರಕ್ತನಾಳಗಳು ಸಾಕಷ್ಟು ಅಗಲಗೊಳ್ಳದೆ ಉಳಿದರೆ ಮಾಸಿಗೆ ರಕ್ತವು ಸಾಲದೆ ಹೋಗುವದು. ಹೀಗೆ ಹಸಿದ ಮಾಸು ತಾಯಿಯ ರಕ್ತದೊಳಕ್ಕೆ ಬಿಡುವ ಕೆಲವು ದ್ರವ್ಯಗಳು ಅವಳ ಮೈಯ ರಕ್ತನಾಳಗಳನ್ನೆಲ್ಲ ಕೆಡಿಸುವವು. ೨೦ನೆಯ ವಾರದ ನಂತರ ರಕ್ತದೊತ್ತಡವು ೧೪೦/೯೦ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನು ಕಾಣುವದು, ಇಲ್ಲವೆ ಯಕೃತ್ತು, ಮೂತ್ರಪಿಂಡ ಮೊದಲಾದ ಅಂಗಗಳು ಬಳಲುವದು ಇದರ ಲಕ್ಷಣ. ಒತ್ತಡವು ೧೬೦/೧೧೦ನ್ನು ಮುಟ್ಟಿದರೆ, ಅಥವಾ ಬಿಡದ ತಲೆನೋವು, ಕಣ್ಣು ಮಂಜಾಗುವದು, ಹೊಟ್ಟೆಯ ಮೇಲ್ಭಾಗದ ನೋವು ಇವು ತೋರಿದರೆ, ವ್ಯಾಧಿಯು ತೀವ್ರವಾಯಿತೆಂದು ತಿಳಿಯತಕ್ಕದ್ದು. ಅದರ ಮುಂದೆ ಸೆಳವು, ಮೆದುಳಿನ ರಕ್ತಸ್ರಾವ, ಮರಣಗಳ ಭಯವಿದೆ. ಔಷಧಗಳು ಈ ವ್ಯಾಧಿಯನ್ನು ತಡೆಹಿಡಿಯಬಲ್ಲವೇ ಹೊರತು ಗುಣಪಡಿಸಲಾರವು. ಗುಣವು ಆರಂಭವಾಗುವದು ಕೂಸೂ ಮಾಸೂ ಹೊರಬಂದ ಮೇಲೆ.

ಅಂಕೋಲೆಯಿಂದ ಅರಬೈಲು ಘಟ್ಟದ ಕಡೆಗೆ ಸಾಗುವ ಹುಬ್ಬಳ್ಳಿಯ ಹೆದ್ದಾರಿಯಲ್ಲಿ ಅಗಸೂರು ಇದೆ. ಅಲ್ಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಚೊಚ್ಚಲ ಬಸುರಿಯಾದ ಮಗಳು ತವರಿಗೆ ಬಂದಿದ್ದಾಳೆ. ಗರ್ಭಕ್ಕೆ ೩೧ ವಾರ. ಕಾಲು ಬಾತಿವೆ. “ಬಸುರಿಗೆ ಕಾಲು ಬಾಯುವದು ಇದ್ದದ್ದೇ” ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಆ ಮಾತು ಸುಳ್ಳೂ ಅಲ್ಲ. ಕಾಲಿನ ಬಾವು ಅನೇಕ ಆರೋಗ್ಯವಂತ ಬಸುರಿಯರಿಗೂ ಉಂಟು. ಆದರೆ ಎರಡು ದಿನಗಳಿಂದ ತಲೆನೋವು ಬಿಟ್ಟಿಲ್ಲ. ಆಶಾ ಕಾರ್ಯಕರ್ತೆಯು ಅವಳನ್ನು ಪರೀಕ್ಷೆಗೆ ಕರೆದೊಯ್ದಾಗ ಒತ್ತಡವು ೧೭೦/೧೧೪. ತಾಯಿ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ೧೦೮ರ ವಾಹನದಲ್ಲಿ ಅಂಕೋಲೆಗೆ, ಅಲ್ಲಿಂದ ಸುಮಾರು ೩೫ ಕಿಲೋಮೀಟರ್ ದೂರದ ಕಾರವಾರಕ್ಕೆ ಅವಳನ್ನು ಕಳಿಸುತ್ತಾರೆ. ಆಸ್ಪತ್ರೆಯ ಮಂಚದ ಮೇಲೆ ಅವಳ ತೋಳಿಗೆ ಒಂದು ಪಟ್ಟಿ, ಹೊಟ್ಟೆಗೆ ಒಂದು ಪಟ್ಟಿ. ತೋಳಿನದು ಅವಳ ರಕ್ತದೊತ್ತಡವನ್ನು ತೋರಿಸುವದು. ಹೊಟ್ಟೆಯದು ಕೂಸಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವದು. ಸುಶ್ರುತನ ಎರಡು ಹೃದಯಗಳು ಹೀಗೆ ಎರಡು ಗೆರೆಗಳಾಗಿ ವೈದ್ಯರ ಮುಂದೆ ನಿಂತಿರುವವು.

ಕೂಸಿನ ಬಡಿತವನ್ನು ಅಷ್ಟು ಎಚ್ಚರದಿಂದ ಆಲಿಸುವದೇಕೆ? ತಾಯಿಗೆ ಕೊಟ್ಟ ಔಷಧವು ತಾಯಿಯೊಬ್ಬಳಲ್ಲಿಯೇ ನಿಲ್ಲುವದಿಲ್ಲ. ತೀವ್ರವಾದ ಒತ್ತಡವನ್ನು ಒಂದು ಗಂಟೆಯೊಳಗಾಗಿ ತಗ್ಗಿಸತೊಡಗಬೇಕು. ಇಲ್ಲವಾದರೆ ಮೆದುಳಿನ ನಾಳ ಒಡೆದೀತು. ಅದಕ್ಕೆ ಲ್ಯಾಬೆಟಲಾಲ್, ನಿಫೆಡಿಪಿನ್, ಹೈಡ್ರಲಜೀನ್ ಮೊದಲಾದ ಔಷಧಗಳುಂಟು. ಆದರೆ ಮಾಸಿಗೆ ಹರಿಯುವ ರಕ್ತವು ತಾಯಿಯ ಒತ್ತಡವನ್ನೇ ನಂಬಿದೆ. ಒತ್ತಡವು ತಟ್ಟನೆ ಕುಸಿದರೆ ಹರಿವೂ ಕುಸಿದು ಕೂಸಿನ ಹೃದಯವು ನಿಧಾನಿಸುವದು. ಕಾರಣ ಸಾಧಾರಣ ಮನುಷ್ಯರಲ್ಲಿ ಯೋಗ್ಯವಾದ ೧೨೦/೮೦ಕ್ಕೆ ಅವಳನ್ನು ಅವಸರದಿಂದ ಇಳಿಸದೆ, ಸ್ವಲ್ಪ ಮೇಲೆ, ೧೪೦ರಿಂದ ೧೫೦ರ ನೆರೆಯಲ್ಲಿ, ಮೆಲ್ಲಗೆ ತಂದು ನಿಲ್ಲಿಸುವರು. ತುಂಬಿದ ಎಣ್ಣೆಯ ಪಾತ್ರೆಯನ್ನು ತುಳುಕದಂತೆ ಹೊರುವ ಹಾಗೆ ಗರ್ಭಿಣಿಯನ್ನು ಉಪಚರಿಸಬೇಕೆಂದು ಚರಕಸಂಹಿತೆಯು ಹೇಳಿದ ಉಪಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವದು ಕಷ್ಟ.

ಆಲಿಸುವ ಸಾಧನಗಳು ಹಲವು. ೧೮೯೫ರಲ್ಲಿ ಫ್ರಾನ್ಸ್ ದೇಶದ ಅಡಾಲ್ಫ್ ಪಿನಾರ್ ಎಂಬ ವೈದ್ಯನು ಪ್ರಚಾರಕ್ಕೆ ತಂದ ಕಹಳೆಯಾಕಾರದ ಕೊಳವೆಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರೆ ಕೂಸಿನ ಬಡಿತವು ಕೇಳಿಬರುವದು. ಅದು ಮಿನಿಟಿಗೆ ೧೧೦ರಿಂದ ೧೬೦ರೊಳಗಿರತಕ್ಕದ್ದು. ಇಂದಿನ ಯಂತ್ರವು ಆ ಬಡಿತದ ಏರಿಳಿತವನ್ನು ಎಡೆಬಿಡದೆ ಬರೆದಿಡುವದು. ಕೂಸು ಹೊರಳಿದಾಗ ಬಡಿತವು ಏರಿದರೆ ಒಳಗೆ ಕ್ಷೇಮ. ಶಬ್ದತರಂಗಗಳ ಇನ್ನೊಂದು ಯಂತ್ರವು ಕೂಸಿನ ಬೆಳವಣಿಗೆಯನ್ನು ಅಳೆಯುವದಲ್ಲದೆ, ಹೊಕ್ಕುಳಬಳ್ಳಿಯಲ್ಲಿ ರಕ್ತವು ಸರಾಗವಾಗಿ ಮುಂದಕ್ಕೆ ಹರಿಯುವದೋ, ಎರಡು ಬಡಿತಗಳ ನಡುವೆ ನಿಂತುಹೋಗುವದೋ, ಇಲ್ಲವೆ ಹಿಂದಕ್ಕೇ ತಿರುಗುವದೋ ಎಂಬದನ್ನು ತೋರಿಸುವದು. ಹಿಂದಕ್ಕೆ ತಿರುಗುವದು ಘೋರ ಲಕ್ಷಣ.

ಆದರೆ ಈ ಆಲಿಸುವಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಸೆಳವು ಬಾರದಂತೆ ತಾಯಿಗೆ ಮೆಗ್ನೀಸಿಯಮ್ ಸಲ್ಫೇಟನ್ನು ಕೊಡುವರು. ೩೩ ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಯರಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಮ್ಯಾಗ್ಪೈ ಪರೀಕ್ಷೆಯು, ಈ ಔಷಧದಿಂದ ಸೆಳವಿನ ಭಯವು ಅರ್ಧಕ್ಕಿಳಿಯುವದೆಂದು ತೋರಿಸಿತು. ಅದನ್ನು ಕೊಡುವಾಗ ತಾಯಿಯ ಉಸಿರನ್ನೆಣಿಸಬೇಕು, ಮೊಣಕಾಲಿನ ಮಿಡುಕನ್ನು ನೋಡಬೇಕು, ಮೂತ್ರವನ್ನಳೆಯಬೇಕು. ಅದೇ ಔಷಧವು ಕೂಸಿನ ಬಡಿತದ ಏರಿಳಿತವನ್ನೂ ತುಸು ಸಮತಟ್ಟು ಮಾಡುವದು. ಇನ್ನು ೩೨ ವಾರ ತುಂಬದ ಕೂಸು, ನರಮಂಡಲವು ಬಲಿಯದಿರುವ ಕಾರಣ, ಆರೋಗ್ಯದಿಂದಿದ್ದೂ ಬಲಿತ ಕೂಸಿನಂತೆ ಗೆರೆಯನ್ನು ಬರೆಯಲಾರದು. ಹಾಗಾದರೆ ಸಮತಟ್ಟಾದ ಗೆರೆಯು ಕೂಸಿನ ಸಂಕಟವೋ, ಔಷಧದ ಪರಿಣಾಮವೋ, ಎಳತನವೋ? ತಾಯಿಗೆ ಏನನ್ನು ಯಾವಾಗ ಕೊಟ್ಟರೆಂಬದನ್ನು ತಿಳಿಯದವನಿಗೆ ಇದು ಬಗೆಹರಿಯದು. ತಾಯಿಯನ್ನು ಓದದೆ ಕೂಸನ್ನು ಓದುವದು ಅಸಾಧ್ಯ. ಯಂತ್ರವೇ ಹೇಳಿಕೊಡುವ ಈ ಪಾಠವು ಮುಂದಿನ ವಿಚಾರಕ್ಕೆಲ್ಲ ಕೀಲಿಕೈಯಾಗಿದೆ.

ಇಲ್ಲಿ ಎರಡು ಪೂರ್ವಪಕ್ಷಗಳು ಹುಟ್ಟುವವು. ಮೊದಲನೆಯವರು ಹೇಳುವದೇನೆಂದರೆ: ತಾಯಿ ಪ್ರತ್ಯಕ್ಷಳು, ಕೂಸು ಅವ್ಯಕ್ತ, ಬಳ್ಳಿಯು ಉಳಿದರೆ ಕಾಯಿ ಮತ್ತೆ ಬಿಟ್ಟೀತು, ಆದದರಿಂದ ಕೂಸಿನ ಬಡಿತವನ್ನು ಎಣಿಸುತ್ತ ಕೂಡ್ರುವದು ವ್ಯರ್ಥ. ಎರಡನೆಯವರು ಹೇಳುವದು: ತಾಯ್ತನವೆಂದರೆ ತ್ಯಾಗ; ತನ್ನ ಪ್ರಾಣವನ್ನೊತ್ತೆಯಿಟ್ಟಾದರೂ ಕೂಸನ್ನು ಉಳಿಸುವದು ತಾಯಿಯ ಧರ್ಮ; ಕೂಸು ಬಲಿಯುವವರೆಗೆ ಅವಳು ಸಹಿಸಲಿ. ಮೊದಲನೆಯ ವಾದವು ಕಠೋರವೆಂದು ಕೂಡಲೆ ತೋರುವದು. ಎರಡನೆಯದು ಭಕ್ತಿಯ ಉಡುಪನ್ನು ಹೊದ್ದಿರುವದರಿಂದ ಅದರ ಕಠೋರತೆಯು ಕಾಣುವದಿಲ್ಲ. ಎರಡೂ ವಾದಗಳ ದೋಷವು ಒಂದೇ: ಇಬ್ಬರನ್ನೂ ನ್ಯಾಯಾಲಯದಲ್ಲಿ ಎದುರುಬದುರು ನಿಂತ ವಾದಿ ಪ್ರತಿವಾದಿಗಳೆಂದು ಅವು ಎಣಿಸಿವೆ.

ಸೆಳವು ಬಂದ ಗಳಿಗೆಯನ್ನು ನೋಡಿದರೆ ಈ ಎಣಿಕೆಯ ತಪ್ಪು ತಿಳಿಯುವದು. ತಾಯಿಗೆ ಸೆಳವು ಬಂದಾಗ ಕೂಸಿನ ಬಡಿತವು ಕುಸಿಯುವದು. ಗೆರೆಯನ್ನು ನೋಡಿದವರಿಗೆ ಎದೆ ನಡುಗಿ, ಈಗಿಂದೀಗಲೇ ಹೊಟ್ಟೆ ಕೊಯ್ದು ಕೂಸನ್ನು ತೆಗೆಯೋಣವೆನಿಸುವದು. ಆದರೆ ಬಲ್ಲವರು ಹಾಗೆ ಮಾಡುವದಿಲ್ಲ. ತಾಯಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರಿನ ದಾರಿಯನ್ನು ತೆರವು ಮಾಡಿ, ಪ್ರಾಣವಾಯುವನ್ನೂ ಮೆಗ್ನೀಸಿಯಮನ್ನೂ ಕೊಟ್ಟು, ಒತ್ತಡವನ್ನು ಹಿಡಿತಕ್ಕೆ ತರುವರು. ಅವಳು ಚೇತರಿಸಿಕೊಂಡ ಕೆಲವೇ ಮಿನಿಟುಗಳಲ್ಲಿ ಕೂಸಿನ ಬಡಿತವೂ ಸಾಮಾನ್ಯವಾಗಿ ಚೇತರಿಸುವದು. ಆ ಬಳಿಕವೇ ಹೆರಿಗೆಯ ವಿಚಾರ. ಬಡಿತವು ಚೇತರಿಸದಿದ್ದರೆ ಮಾತ್ರ ಮಾಸು ಕಿತ್ತುಬಂದಿತೋ ಎಂಬ ಶಂಕೆಯಿಂದ ತ್ವರೆ ಮಾಡಬೇಕಾದೀತು. ಸ್ಥಿಮಿತವಿಲ್ಲದ ತಾಯಿಗೆ ಆಗಲೇ ಶಸ್ತ್ರವಿಟ್ಟರೆ ಇಬ್ಬರನ್ನೂ ಕಳೆದುಕೊಳ್ಳುವ ಭಯವುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವದೆಂಬ ದೇಹಲೀದೀಪನ್ಯಾಯವು ಇಲ್ಲಿ ಅಕ್ಷರಶಃ ಸಲ್ಲುವದು. ತಾಯಿಗೆ ಮಾಡಿದ ಉಪಚಾರವೇ ಕೂಸಿಗೆ ಮಾಡಿದ ಮೊದಲ ಉಪಚಾರ. ತಾಯಿ ಮೊದಲು ಎಂಬದು ಇಲ್ಲಿ ಕ್ರಮವೇ ಹೊರತು ಪಕ್ಷಪಾತವಲ್ಲ.

ಪ್ರಾಚೀನರಿಗೂ ಈ ವಿವೇಕವಿತ್ತು. ಮೂಢಗರ್ಭದ ಚಿಕಿತ್ಸೆಯನ್ನು ಹೇಳುವಾಗ ಸುಶ್ರುತನು, ಜೀವವಿರುವ ಗರ್ಭವನ್ನು ಶಸ್ತ್ರದಿಂದ ಸೀಳಲೇಬಾರದು, ಸೀಳಿದರೆ ಅದು ತನ್ನನ್ನೂ ತಾಯಿಯನ್ನೂ ಕೊಲ್ಲುವದು ಎನ್ನುವನು. ಆದರೆ ತಾಯಿ ಮೃತಳಾಗಿ ಅವಳ ಹೊಟ್ಟೆಯಲ್ಲಿ ಇನ್ನೂ ಸ್ಪಂದನವಿದ್ದರೆ ಆ ಕ್ಷಣದಲ್ಲಿಯೇ ಕುಕ್ಷಿಯನ್ನು ಭೇದಿಸಿ ಕೂಸನ್ನೆತ್ತಬೇಕೆಂದೂ ನಿದಾನಸ್ಥಾನದಲ್ಲಿ ವಿಧಿಸಿರುವನು. ಎರಡೂ ಪ್ರಾಣಗಳನ್ನು ಅವನು ಲೆಕ್ಕಕ್ಕೆ ಹಿಡಿದಿದ್ದಾನೆ. ಯಾವದನ್ನೂ ಮತ್ತೊಂದರ ಸಲುವಾಗಿ ಬರಿಯ ಸಾಧನವನ್ನಾಗಿ ಮಾಡಿಲ್ಲ.

ಇಷ್ಟರಿಂದ ಪ್ರಶ್ನೆಯು ತೀರಿತೆಂದರೆ ಆತ್ಮವಂಚನೆಯಾದೀತು. ಎರಡು ಹೃದಯಗಳ ಹಿತವು ನಿಜವಾಗಿಯೂ ಬೇರ್ಪಡುವ ಸ್ಥಳವೊಂದಿದೆ, ಅದು ಕಾಲ. ೩೪ ವಾರ ತುಂಬಿದ ಬಳಿಕ ವ್ಯಾಧಿಯು ತೀವ್ರವಾದರೆ, ತಾಯಿಯನ್ನು ಸ್ಥಿಮಿತಕ್ಕೆ ತಂದು ಹೆರಿಗೆ ಮಾಡಿಸುವದು ಇಬ್ಬರಿಗೂ ಮೇಲು. ಆದರೆ ೨೭ ವಾರಗಳಲ್ಲಿ? ಆಗ ತಾಯಿಯ ಹಿತಕ್ಕೆ ಹೆರಿಗೆಯು ಬೇಗನೆ ಆಗಬೇಕು. ಕೂಸಿನ ಹಿತಕ್ಕೆ ಒಂದೊಂದು ದಿನವೂ ಅಮೂಲ್ಯ. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಟ್ಟರೆ ಕೂಸಿನ ಶ್ವಾಸಕೋಶವು ಬೇಗನೆ ಬಲಿಯುವದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವೀ ಎಂಬವರು ೧೯೭೨ರಲ್ಲಿ ತೋರಿಸಿದರು. ಅದರ ಪೂರ್ಣ ಫಲಕ್ಕೆ ಸುಮಾರು ೪೮ ಗಂಟೆ ಬೇಕು. ಆ ಎರಡು ದಿನಗಳನ್ನು, ಸಾಧ್ಯವಾದರೆ ಮತ್ತೂ ಕೆಲವು ದಿನಗಳನ್ನು, ಎಲ್ಲಿಂದ ತರುವದು? ತಾಯಿಯ ದೇಹದಿಂದ. ಆ ದಿನಗಳ ಬೆಲೆಯನ್ನು ತೆರುವವಳು ಅವಳು. ಅಪಾಯವು ಅವಳ ಮೆದುಳಿಗೆ, ಅವಳ ಯಕೃತ್ತಿಗೆ. ಸೆಳವು ಬಂದರೆ, ಒತ್ತಡವು ಔಷಧಕ್ಕೆ ಬಗ್ಗದಿದ್ದರೆ, ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಕಳೆದುಕೊಂಡರೆ ಕಾಯುವ ಮಾತಿಲ್ಲ. ಆದರೆ ಅದಕ್ಕೆ ಈಚೆಗಿನ ದಿನಗಳಲ್ಲಿ, ಕಾಯಲೂ ಬಹುದು, ಕಾಯದಿರಲೂ ಬಹುದು ಎಂಬ ಇಕ್ಕಟ್ಟಿನಲ್ಲಿ, ನಿರ್ಣಯವು ಯಾರದು?

ದಾನದ ಲಕ್ಷಣವನ್ನು ಬಲ್ಲವರಿಗೆ ಇದರ ಉತ್ತರವು ದೂರವಿಲ್ಲ. ತನ್ನ ಸ್ವತ್ವವನ್ನು ತಾನಾಗಿ ಬಿಟ್ಟು ಪರರ ಸ್ವತ್ವವನ್ನುಂಟುಮಾಡುವದೇ ದಾನವೆಂದು ಶಾಸ್ತ್ರಕಾರರು ಹೇಳುವರು. ತನ್ನದಲ್ಲದ್ದನ್ನು ಯಾರೂ ದಾನ ಕೊಡಲಾರರು. ಕೊಟ್ಟರೂ ಅದು ದಾನವೆನಿಸದು. ತಾಯಿ ತನ್ನ ಅಪಾಯವನ್ನು ತಿಳಿದು ಕೂಸಿಗಾಗಿ ಮೂರು ದಿನ ತಾಳುವೆನೆಂದರೆ ಅದು ಮಹಾದಾನ. ಅವಳ ಹೆಸರಿನಲ್ಲಿ ಗಂಡನೋ ಅತ್ತೆಯೋ ತಂದೆಯೋ ವೈದ್ಯನೋ ಆ ಮೂರು ದಿನಗಳನ್ನು ಕೊಟ್ಟುಬಿಟ್ಟರೆ ಅದು ದಾನವಲ್ಲ, ಅಪಹಾರ. ತಾಯ್ತನವೆಂದರೆ ತ್ಯಾಗವೆನ್ನುವವರು ಈ ಭೇದವನ್ನು ಮರೆಯುವರು. ತ್ಯಾಗವು ಶ್ಲಾಘ್ಯವಾಗುವದು ಅದನ್ನು ಮಾಡದಿರುವ ಸ್ವಾತಂತ್ರ್ಯವಿದ್ದಾಗ ಮಾತ್ರ. ಭಾರತದ ಕಾನೂನೂ ಈ ದಿಕ್ಕಿನಲ್ಲಿಯೇ ನಡೆದಿದೆ: ೧೯೭೧ರ ಗರ್ಭಸಮಾಪ್ತಿಯ ಕಾಯದೆಯು ಪ್ರಾಪ್ತವಯಸ್ಕಳಾದ ಗರ್ಭಿಣಿಯ ಸಮ್ಮತಿಯನ್ನು ಬೇಡುವದೇ ಹೊರತು ಗಂಡನ ಸಮ್ಮತಿಯನ್ನಲ್ಲ.

ಇದಕ್ಕೆ ಆಕ್ಷೇಪವುಂಟು. ನೋವಿನಲ್ಲಿ ಬಳಲುವ ಹಳ್ಳಿಯ ಹುಡುಗಿಯು ಇಂಥ ಗಹನವಾದ ನಿರ್ಣಯವನ್ನು ಹೇಗೆ ಮಾಡಿಯಾಳು? ಮೇಲಾಗಿ ಔಷಧದಿಂದ ಅವಳಿಗೆ ಮಂಪರು. ಹಿರಿಯರು ಹೊರಗೆ ಕಾದಿದ್ದಾರೆ, ಅವರನ್ನು ಕೇಳಿದರೆ ಸಾಲದೇ? ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆದರೆ ಅದರಿಂದ ಸಿದ್ಧವಾಗುವದು ಅವಳನ್ನು ಕೇಳಬಾರದೆಂದಲ್ಲ. ಹೊತ್ತಿಗೆ ಮುಂಚೆ ಕೇಳಬೇಕೆಂದು. ಮಂಪರು ಕವಿಯುವ ಮೊದಲೇ ಅವಳ ಮಗ್ಗುಲಲ್ಲಿ ಕುಳಿತು, ಅವಳಾಡುವ ಮಾತಿನಲ್ಲಿ, “ನೋಡು ತಂಗೀ, ನಿನ್ನ ಮೈಗೆ ಹೀಗಾಗಿದೆ, ಕೂಸಿಗೆ ಇಷ್ಟು ದಿನ ಬೇಕು, ಕಾದರೆ ನಿನಗೆ ಇಂಥ ಭಯ, ಕಾಯದಿದ್ದರೆ ಅದಕ್ಕೆ ಇಂಥ ಭಯ” ಎಂದು ಹೇಳಲು ಕಾಲು ಗಂಟೆ ಸಾಕು. ಬಯಕೆಯ ಕಾಲದಲ್ಲಿ ಹುಳಿಯೋ ಸಿಹಿಯೋ ಎಂದು ಅವಳನ್ನು ಕೇಳಿ ಕೇಳಿ ಬಡಿಸಿದ ಮನೆಯು, ಪ್ರಾಣದ ಮಾತು ಬಂದಾಗ ಅವಳೊಬ್ಬಳನ್ನೇ ಕೇಳದೆ ಬಿಡುವದು ಎಂಥ ವಿಪರ್ಯಾಸ! ಹಿರಿಯರ ಆಲೋಚನೆ ಬೇಡವೆಂದಲ್ಲ. ಅದು ಅವಳ ಮಾತಿಗೆ ಊರುಗೋಲಾಗಬೇಕು. ಅವಳ ಬಾಯಿಗೆ ಬಾಗಿಲಾಗಬಾರದು.

ಇನ್ನು ಆಲಿಸುವವನ ಧರ್ಮವು ಆಲಿಸಿದ್ದಕ್ಕೇ ಮುಗಿಯುವದೋ? ಈ ವಿಷಯದಲ್ಲಿ ಕನ್ನಡನಾಡಿನಲ್ಲಿಯೇ ನಡೆದ ಪರೀಕ್ಷೆಗಳು ದೊಡ್ಡ ಪಾಠವನ್ನು ಕಲಿಸಿವೆ. ದಿನ ತುಂಬದೆ ಹೆರುವ ಸಂಭವವಿದ್ದ ಗರ್ಭಿಣಿಯರಿಗೆ ಹಳ್ಳಿಯ ಮಟ್ಟದಿಂದಲೇ ಸ್ಟೀರಾಯ್ಡ್ ಕೊಡುವ ಪ್ರಯೋಗವು ಆರು ದೇಶಗಳಲ್ಲಿ ನಡೆಯಿತು. ಬೆಳಗಾವಿಯು ಅದರ ಒಂದು ಕ್ಷೇತ್ರ. ೨೦೧೫ರಲ್ಲಿ ಪ್ರಕಟವಾದ ಫಲವು ವಿದ್ವಾಂಸರನ್ನು ಬೆಚ್ಚಿಬೀಳಿಸಿತು: ಒಟ್ಟಿನಲ್ಲಿ ಶಿಶುಮರಣವು ಇಳಿಯುವ ಬದಲು ಹೆಚ್ಚಿತ್ತು. ಅದೇ ಜಾತಿಯ ಔಷಧವನ್ನು, ಗರ್ಭದ ದಿನಗಳನ್ನು ಸರಿಯಾಗಿ ಎಣಿಸಿ, ಎಳೆಗೂಸುಗಳ ಶುಶ್ರೂಷೆಗೆ ಅನುಕೂಲವಿದ್ದ ಆಸ್ಪತ್ರೆಗಳಲ್ಲಿ ಕೊಟ್ಟಾಗ ಶಿಶುಮರಣವು ತಗ್ಗಿತೆಂದು ೨೦೨೦ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ತೋರಿಸಿತು. ಅದರಲ್ಲಿಯೂ ಬೆಳಗಾವಿ ಸೇರಿತ್ತು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರೂ ದಾದಿಯರೂ ಮನೆಮನೆಗೆ ಹೋಗಿ ಬಸುರಿಯರ ರಕ್ತದೊತ್ತಡವನ್ನಳೆದು, ಮೊದಲ ಔಷಧವನ್ನು ಕೊಟ್ಟು ಆಸ್ಪತ್ರೆಗೆ ಕಳಿಸುವ ಇನ್ನೊಂದು ಪ್ರಯೋಗದಲ್ಲಿ, ಕೆಲಸವು ನಿಷ್ಠೆಯಿಂದ ನಡೆದರೂ ಮರಣವೂ ಭಾರಿ ಕಾಯಿಲೆಯೂ ಒಟ್ಟಾರೆ ಕಡಿಮೆಯಾಗಲಿಲ್ಲ. ಬೇಗನೆ ಗುರುತಿಸುವದು ಅವಶ್ಯ. ಆದರೆ ಗುರುತಿಸಿದವಳನ್ನು ತಲುಪಿಸಿದ ಆಸ್ಪತ್ರೆಯು ಸಮರ್ಥವಾಗಿರಬೇಕು. ೨೦೨೩ರಲ್ಲಿ ಪ್ರಕಟವಾದ, ಭಾರತ ಮತ್ತು ಜಾಂಬಿಯಾ ದೇಶಗಳ ಆಸ್ಪತ್ರೆಗಳ ಪರೀಕ್ಷೆಯಲ್ಲಿಯೂ ಬೆಳಗಾವಿಯ ವೈದ್ಯರಿದ್ದರು. ಈ ವ್ಯಾಧಿಯಿದ್ದವರಿಗೆ ೩೪ ವಾರ ತುಂಬಿ ೩೭ ತುಂಬುವದರೊಳಗೆ, ಕಾಯದೆ ಯೋಜಿಸಿ ಹೆರಿಗೆ ಮಾಡಿಸಿದರೆ, ಸತ್ತು ಹುಟ್ಟುವ ಕೂಸುಗಳೂ ತಾಯಂದಿರ ತೀವ್ರ ರಕ್ತದೊತ್ತಡವೂ ಕಡಿಮೆಯಾದವು. ಹುಟ್ಟಿದ ಕೂಸುಗಳಿಗೆ ಅದರಿಂದ ಹೆಚ್ಚಿನ ಕೇಡಾಗಲಿಲ್ಲ. ತಾಯಿಯ ಹಿತವೂ ಕೂಸಿನ ಹಿತವೂ ಒಂದೇ ದಾರಿಯಲ್ಲಿ ಕೂಡಿದ್ದಕ್ಕೆ ಇದೊಂದು ಪ್ರಮಾಣ.

ತಾತ್ಪರ್ಯವಿಷ್ಟು. ಆಲಿಸುವದು ಧರ್ಮದ ಅರ್ಧ. ಆಲಿಸಿದ್ದಕ್ಕೆ ತಕ್ಕಂತೆ ನಡೆಯುವ ಶಕ್ತಿಯು ಇನ್ನರ್ಧ. ಕೂಸಿನ ಬಡಿತವು ಕುಸಿದುದನ್ನು ಕೇಳಿಯೂ ಶಸ್ತ್ರಕ್ರಿಯೆಗೆ ಅನುಕೂಲವಿಲ್ಲದ, ಕೊಡಲು ರಕ್ತವಿಲ್ಲದ, ಎಳೆಗೂಸನ್ನಿಡಲು ಸ್ಥಳವಿಲ್ಲದ ಕಡೆಯಲ್ಲಿ ಕೇಳಿದ್ದು ಶೋಕಕ್ಕೆ ಮಾತ್ರ ಕಾರಣವಾಗುವದು. ಈ ಎರಡನೆಯ ಅರ್ಧವು ವೈದ್ಯನೊಬ್ಬನ ಹೊಣೆಯಲ್ಲ, ಸಮಾಜದ್ದು. ಹುಬ್ಬಳ್ಳಿ, ಮಣಿಪಾಲಗಳು ಅಂಕೋಲೆಯಿಂದ ೧೦೦ ಕಿಲೋಮೀಟರಿಗೂ ಮೀರಿದ ದೂರದಲ್ಲಿವೆ. ೨೦೨೪ನೆಯ ಜುಲೈ ೧೬ರಂದು ಶಿರೂರಿನಲ್ಲಿ ಗುಡ್ಡವು ಕುಸಿದಾಗ, ಕುಮಟೆಯ ಕಡೆಗಿನ ಹೆದ್ದಾರಿಯು ದಿನಗಟ್ಟಲೆ ಮುಚ್ಚಿತ್ತು. ಅಂಥ ಮಳೆಗಾಲದ ರಾತ್ರಿ ಒತ್ತಡವೇರಿದ ಬಸುರಿಗೆ ದೂರವನ್ನು ಅಳೆಯುವದು ಕಿಲೋಮೀಟರಿನಿಂದಲ್ಲ, ಕಳೆದುಹೋದ ಗಳಿಗೆಗಳಿಂದ. ಸುಸಜ್ಜಿತವಾದ ಆಸ್ಪತ್ರೆಯು ಜಿಲ್ಲೆಯೊಳಗೇ ಬೇಕೆಂದು ಉತ್ತರ ಕನ್ನಡದ ಜನರು ೨೦೧೯ರಲ್ಲಿಯೂ ೨೦೨೨ರಲ್ಲಿಯೂ ಎತ್ತಿದ ಕೂಗನ್ನು ಕೇವಲ ಸೌಕರ್ಯದ ಬೇಡಿಕೆಯೆಂದು ತಿಳಿಯಲಾಗದು. ಎರಡು ಹೃದಯಗಳನ್ನು ಕೇಳಿಸಿಕೊಂಡವರು ಎರಡಕ್ಕೂ ಉತ್ತರ ಕೊಡಬಲ್ಲವರಾಗಬೇಕೆಂಬ ನ್ಯಾಯದ ಬೇಡಿಕೆಯದು.

ಗೃಹಸ್ಥರಿಗೂ ಇಲ್ಲಿ ಕರ್ತವ್ಯವಿದೆ. ಪ್ರತಿ ತಿಂಗಳ ೯ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು ೨೦೧೬ರಿಂದ ಇದೆ. ಮೈ ಸರಿಯಿದ್ದರೂ ಆ ದಿನ ತಪ್ಪಿಸದೆ ಒತ್ತಡವನ್ನಳೆಯಿಸಬೇಕು. ಬಿಡದ ತಲೆನೋವನ್ನು ಬಿಸಿಲಿಗೂ, ಕಣ್ಣು ಮಂಜಾಗುವದನ್ನು ನಿಶ್ಶಕ್ತಿಗೂ, ಮೇಲ್ಹೊಟ್ಟೆಯ ನೋವನ್ನು ಪಿತ್ತಕ್ಕೂ ಆರೋಪಿಸಿ ಬೆಳಗಿನವರೆಗೆ ಕಾಯಬಾರದು. ಕೂಸಿನ ಮಿಸುಕಾಟವು ಎಂದಿಗಿಂತ ಕಡಿಮೆಯಾಯಿತೆಂದು ಬಸುರಿಯು ಹೇಳಿದರೆ ಅದನ್ನು ಅಂಜಿಕೆಯೆಂದು ತಳ್ಳಿಹಾಕಬಾರದು. ಎಲ್ಲ ಯಂತ್ರಗಳಿಗಿಂತ ಮುಂಚೆ ಕೂಸಿನ ಸುದ್ದಿಯನ್ನು ತಿಳಿಯುವವಳು ಅವಳೇ. ಹೆತ್ತ ನಂತರವೂ ಕೆಲವು ದಿನಗಳವರೆಗೆ ಸೆಳವಿನ ಭಯವಿರುವದು. ತೊಟ್ಟಿಲಿನ ಸಂಭ್ರಮದಲ್ಲಿ ಬಾಣಂತಿಯ ತಲೆನೋವನ್ನು ಮರೆಯಬಾರದು.

ಕಾರವಾರದ ಆ ಮಂಚದ ಬಳಿಗೆ ಮರಳಿ ಬಂದರೆ, ಎರಡು ಪಟ್ಟಿಗಳು ತಮ್ಮ ಕೆಲಸವನ್ನು ನಡೆಸಿಯೇ ಇವೆ. ದಾದಿಯು ಬಂದು ತೋಳಿನ ಅಂ‍ಕೆಯನ್ನು ನೋಡುವಳು, ಹೊಟ್ಟೆಯ ಗೆರೆಯನ್ನು ನೋಡುವಳು, ಎರಡನ್ನೂ ಪಟ್ಟಿಯಲ್ಲಿ ಬರೆಯುವಳು. ಅಷ್ಟಾದ ಮೇಲೆ ಅವಳು ಒಂದು ನಿಮಿಷ ನಿಂತು, “ನಿನಗೆ ಹೇಗನಿಸ್ತದೆ, ತಂಗೀ? ನಿನ್ನ ಮನಸ್ಸಿನಲ್ಲಿ ಏನಿದೆ?” ಎಂದು ಕೇಳಿದರೆ ಉಪಚಾರವು ಪೂರ್ಣವಾಗುವದು. ಕೇಳದೆ ಹೋದರೆ, ಯಂತ್ರಗಳೆಷ್ಟಿದ್ದರೂ, ದ್ವಿಹೃದಯೆಯೆಂದು ಕರೆಸಿಕೊಂಡವಳ ಒಂದು ಹೃದಯದ ಮಾತು ಯಾರಿಗೂ ಕೇಳಿಸದೆ ಉಳಿಯುವದು, ಅದು ಅವಳದೇ.